ಯುಗಾದಿಯಿಂದ ಸೇರಿಸಿದ ನಾಲ್ವರೂ ಬಿಟ್ಟರು. ಇನ್ನೊಬ್ಬರನ್ನು ಕೇಳಲು ಧೈರ್ಯ ಎಲ್ಲಿಂದ ತರಲಿ?

ದಾವಣಗೆರೆ ಸೊಸೆ · ಮಂಗಳವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಬರೆಯಲೋ ಬೇಡವೋ ಅಂತ ಮೂರು ದಿನ ಹಿಂದೆ ಮುಂದೆ ನೋಡಿ, ಇವತ್ತು ಮಕ್ಕಳು ಮಲಗಿದ ಮೇಲೆ ಕೂತಿದ್ದೇನೆ. ಉದ್ದವಾದರೆ ಕ್ಷಮಿಸಿ.

ಅಡುಗೆಮನೆ ಡಬ್ಬಿ, ನೀರಿನ ಬಾಟಲಿ, ಟಿಫನ್ ಬಾಕ್ಸ್ ಮಾರುವ ಒಂದು ಕಂಪನಿಗೆ ನಾನು ಸೇರಿ ಎರಡು ವರ್ಷವಾಯಿತು. ಒಬ್ಬರ ಮನೆಯಲ್ಲಿ ಎಂಟು-ಹತ್ತು ಹೆಂಗಸರನ್ನು ಕೂರಿಸಿ, ಡೆಮೊ ಮಾಡಿ, ಆರ್ಡರ್ ತೆಗೆಯುವ ಕೆಲಸ. ಇಲ್ಲಿರುವ ಬಹಳ ಜನಕ್ಕೆ ಗೊತ್ತಿರುವಂಥದ್ದೇ. ಮಾರಾಟ ನನಗೆ ಕಷ್ಟವಿಲ್ಲ. ಸ್ಕೂಲು ಶುರುವಾಗುವ ಹೊತ್ತಿಗೆ ಬಾಟಲಿ, ಟಿಫನ್ ಬಾಕ್ಸೇ ಕೈತುಂಬ ಹೋಗುತ್ತವೆ. ನನಗೆ ಆಗುತ್ತಿಲ್ಲದಿರುವುದು ಟೀಮ್ ಕಟ್ಟುವುದು, ಅಂದರೆ ನನ್ನ ಕೈಕೆಳಗೆ ಮಾರುವ ಹೊಸಬರನ್ನು ಸೇರಿಸುವುದು. ನಮ್ಮಲ್ಲಿ ಅದಕ್ಕೆ ಲೈನ್ ಎಂದೂ ಹೇಳುತ್ತಾರೆ.

ಯುಗಾದಿಯಿಂದ ಈಚೆಗೆ ನಾಲ್ವರನ್ನು ಸೇರಿಸಿದೆ. ಮೊದಲನೆಯವಳು ನಮ್ಮ ಹಿಂದಿನ ಬೀದಿಯ ಹುಡುಗಿ, ಮದುವೆಯಾಗಿ ಒಂದೂವರೆ ವರ್ಷ. ಅವಳ ಮೊದಲ ಡೆಮೊ ತವರುಮನೆಯಲ್ಲಿ ಆಯಿತು, 6,200 ರೂಪಾಯಿ ಆರ್ಡರ್. ಆವತ್ತು ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಎರಡನೆಯ ಡೆಮೊ ಹಿಂದಿನ ದಿನ ಅತ್ತೆಗೆ ಹುಷಾರಿಲ್ಲ ಎಂದಳು. ಮತ್ತೊಂದು ವಾರ ಬಿಟ್ಟು ನೋಡಿದರೆ ನಮ್ಮ ಮನೆ ಕಟ್ಟೆಯ ಮೇಲೆ ಡೆಮೊ ಸ್ಯಾಂಪಲ್‌ಗಳ ಕಿಟ್ ಬ್ಯಾಗ್. ಕದ ತಟ್ಟದೆ ಇಟ್ಟು ಹೋಗಿದ್ದಳು. ಎರಡನೆಯವರು ಹೊಲಿಗೆ ಹೇಳಿಕೊಡುವವರು, ಬಾಕಿ ದುಡ್ಡು ವಸೂಲಿಯಾಗದೆ ಸುಸ್ತಾದರು. ಮೂರನೆಯವಳಿಗೆ ಬಟ್ಟೆ ಶೋರೂಮಿನಲ್ಲಿ ಸಂಬಳದ ಕೆಲಸ ಸಿಕ್ಕಿತು, ಅವಳಿಗೆ ಒಳ್ಳೆಯದೇ ಆಯಿತು. ನಾಲ್ಕನೆಯವರು ವಾಟ್ಸಾಪ್‌ನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದಾರೆ. ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಇದೆಲ್ಲ ಹೇಗೋ ತಡೆದುಕೊಂಡೆ. ಕಳೆದ ವಾರ ನಮ್ಮ ಕಂಪನಿಯ ಮೀಟಿಂಗಿನಲ್ಲಿ, ಸುಮಾರು ನಲವತ್ತು ಜನರ ಮುಂದೆ, ಅದನ್ನು ನಡೆಸುವವರು “ಈ ತಿಂಗಳು ಯಾರ ಲೈನ್‌ನಲ್ಲಿ ಹೊಸಬರು ಸೊನ್ನೆ, ಅವರು ಎದ್ದು ನಿಲ್ಲಿ” ಎಂದರು. ನಿಂತೆ. ನನ್ನ ಪಕ್ಕ ಇನ್ನೂ ಐದು ಜನ ನಿಂತರು. ಆಮೇಲೆ ಏನು ಮಾತಾಡಿದರೋ ಒಂದೂ ಕಿವಿಗೆ ಬೀಳಲಿಲ್ಲ.

ಈಗ ಆಷಾಢ ಬೇರೆ, ಡೆಮೊಗಳೂ ಕಮ್ಮಿ. ಸುಮ್ಮನೆ ಕೂತರೆ ಅದೇ ತಲೆಯಲ್ಲಿ. ಬಿಡುವ ಮನಸ್ಸಿಲ್ಲ, ಈ ಕೆಲಸ ನನಗೆ ಇಷ್ಟ. ಆದರೆ “ನೀವೂ ಸೇರ್ತೀರಾ” ಎಂಬ ಆ ಒಂದು ಮಾತು ಗಂಟಲಲ್ಲೇ ನಿಲ್ಲುತ್ತಿದೆ. ನೀವೆಲ್ಲ ಹೇಗೆ ಮುಂದೆ ಹೋದಿರಿ, ಹೇಳಿ.

ಹುಬ್ಬಳ್ಳಿ ಅಕ್ಕಾ · ಮಂಗಳವಾರ ರಾತ್ರಿ

ತಂಗೀ, ನಿಂದು ಓದಿ ನನಗ ನನ್ನ ಮೊದಲನೇ ವರ್ಷ ನೆನಪಾತು. ನಾನೂ ಐದು ಮಂದೀನ್ನ ಹಚ್ಚಿದ್ದೆ, ಐದೂ ಮಂದಿ ಬಿಟ್ರು. ಒಬ್ಬಾಕಿ ನಾ ಕೊಟ್ಟ ಕಿಟ್ ಬ್ಯಾಗಿನ್ಯಾಗ ಹಿಟ್ಟು ಹಾಕಿಸ್ಕೊಂಡು ಗಿರಣಿಯಿಂದ ಬರಾಕತ್ತಿದ್ಲು, ದುರ್ಗದಬೈಲ್‌ದಾಗ ಎದುರಿಗೇ ಸಿಕ್ಲು. ಅವತ್ತ ರಾತ್ರಿ ನನಗ ಊಟ ಸೇರಲಿಲ್ಲ.

ಒಂದ ಮಾತು. ಆಷಾಢದಾಗ ಮನಸ್ಸು ಕುಗ್ಗೂದು ನಿನ್ನ ತಪ್ಪಲ್ಲ. ನಾನು ಆರು ವರ್ಷದಿಂದ ನೋಡಾಕತ್ತೀನಿ, ಈ ತಿಂಗಳದಾಗ ಹೊಸಾ ಸೊಸೆಂದಿರು ತವರಿಗೆ ಹೋಗಿರ್ತಾರ, ಮನ್ಯಾಗ ಶುಭಕಾರ್ಯ ಇಲ್ಲ, ಯಾರ ಕೈಯಾಗೂ ರೊಕ್ಕ ಓಡಾಡೂದಿಲ್ಲ. ಈ ತಿಂಗಳ ಲೆಕ್ಕ ಹಿಡದು ನೀ ನಿನ್ನ ಅಳೀಬ್ಯಾಡ. ಹಳೇ ಗಿರಾಕಿಗಳ ಮುಚ್ಚಳ, ಬಾಟಲಿ ಏನಾರ ಬದಲಿ ಮಾಡಿಸೂದು ಇದ್ರ ಈಗ ಮಾಡಿಸಿ ಕೊಡು. ಶ್ರಾವಣದಾಗ ಅವ್ರ ನಿನ್ನ ಕರೀತಾರ.

ಕುಡ್ಲದವಳು · ಬುಧವಾರ ಬೆಳಿಗ್ಗೆ

ಎದ್ದು ನಿಲ್ಲಿಸಿದ್ದು ಓದಿ ಬೇಜಾರಾಯ್ತು ಮಾರಾಯ್ರೆ. ನಿಮ್ಮ ಡೆಮೊದಲ್ಲಿ “ಏನೂ ತಗೊಳ್ಳದವರು ಎದ್ದು ನಿಲ್ಲಿ” ಅಂತ ನೀವು ಹೇಳ್ತೀರಾ? ಹೇಳಿದರೆ ಆ ಮನೆಗೆ ಮತ್ತೆ ಕಾಲಿಡ್ಲಿಕ್ಕೆ ಉಂಟಾ? ಗಿರಾಕಿಗೆ ಕೊಡುವ ಮರ್ಯಾದೆಯನ್ನು ಮಾರುವವಳಿಗೂ ಕೊಡಬೇಕು. ನೀವು ಅವರಿಗೆ ಫೋನ್ ಮಾಡಿ, ಜಗಳ ಮಾಡದೆ, ಇದು ನನಗೆ ಆಗುವುದಿಲ್ಲ ಅಂತ ಹೇಳಿಬಿಡಿ. ನಾನು ಹೇಳಿದ್ದೆ. ನನ್ನನ್ನು ಮತ್ತೆ ಯಾರೂ ನಿಲ್ಲಿಸಲಿಲ್ಲ.

ಹಳೇ ಮ್ಯಾನೇಜರ್, ಮೈಸೂರು · ಬುಧವಾರ ಮಧ್ಯಾಹ್ನ

ನಾನು 2001ರಲ್ಲಿ ಕುವೆಂಪುನಗರದಲ್ಲಿ ಶುರು ಮಾಡಿದೆ, ಹದಿನೇಳು ವರ್ಷ ಮಾಡಿ ಮೊಣಕಾಲು ನೋವಿಗೆ ಬಿಟ್ಟೆ. ನನ್ನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ನನ್ನ ಕೈಕೆಳಗೆ ಸೇರಿದ ಪ್ರತಿಯೊಬ್ಬಳ ಹೆಸರು, ಸೇರಿದ ದಿನ, ಎಷ್ಟು ಡೆಮೊ ಮಾಡಿದಳು, ಯಾವಾಗ ನಿಲ್ಲಿಸಿದಳು, ಎಲ್ಲ ಬರೆದಿಟ್ಟಿದ್ದೆ. ಅರವತ್ತಮೂರು ಹೆಸರು. ಒಂದು ವರ್ಷ ದಾಟಿದವರು ಹನ್ನೊಂದು ಜನ. ಮ್ಯಾನೇಜರ್ ಅಂತ ಎಲ್ಲರೂ ಚಪ್ಪಾಳೆ ತಟ್ಟಿದ್ದು ಆ ಹನ್ನೊಂದು ಜನಕ್ಕಾಗಿ. ಉಳಿದ ಐವತ್ತೆರಡು ಜನ ಬಿಟ್ಟಾಗಲೂ ನನಗೆ ನಿಮ್ಮ ಹಾಗೆಯೇ ಆಗಿತ್ತು. ಇದನ್ನು ಮೊದಲು ತಿಳಿದುಕೊಳ್ಳಿ. ವೇದಿಕೆಯ ಮೇಲೆ ಹೂಗುಚ್ಛ ಹಿಡಿದು ನಿಂತವರು ಬಿಟ್ಟುಹೋದವರ ಲೆಕ್ಕ ಹೇಳುವುದಿಲ್ಲ, ಅದಕ್ಕೇ ನಿಮಗೆ ನೀವೊಬ್ಬರೇ ಸೋತ ಹಾಗೆ ಕಾಣುತ್ತದೆ.

ಆದರೆ ನಾನು ಹೇಳಬೇಕೆಂದಿರುವುದು ಬೇರೆ. ಒಂದು ಸಲ ಗೌರಿ ಹಬ್ಬದ ಮುಂಚೆ ಜ್ವರ ಬಂದು ಮಲಗಿದ್ದಾಗ ಆ ನೋಟ್‌ಬುಕ್ಕನ್ನು ಮೊದಲಿನಿಂದ ಓದಿದೆ. ಬಿಟ್ಟವರು ಎಲ್ಲೆಂದರಲ್ಲಿ ಬಿಟ್ಟಿರಲಿಲ್ಲ. ಮುಕ್ಕಾಲು ಪಾಲು ಜನ ಬಿಟ್ಟದ್ದು ಮೂರನೆಯ ಡೆಮೊ ಒಳಗೆ. ಮೂರನೇ ಮನೆ ದಾಟಿದವರು ಏನಿಲ್ಲವೆಂದರೂ ಐದಾರು ತಿಂಗಳು ಇದ್ದರು.

ಯಾಕೆ ಅಂತ ಯೋಚಿಸಿ. ಮೊದಲನೇ ಮನೆ ತವರುಮನೆ, ಇಲ್ಲವೇ ಅಕ್ಕನ ಮನೆ. ಅಲ್ಲಿ ಕೊಳ್ಳುವವರು ಡಬ್ಬಿ ನೋಡಿ ಕೊಳ್ಳುವುದಿಲ್ಲ, ಹುಡುಗಿಯ ಮುಖ ನೋಡಿ ಕೊಳ್ಳುತ್ತಾರೆ. ನಿಮ್ಮ ಹುಡುಗಿಯ 6,200 ಅಂಥದ್ದು. ಎರಡನೇ ಮನೆ ಗೆಳತಿಯದು, ಅದೂ ಹೇಗೋ ನಡೆಯುತ್ತದೆ. ಮೂರನೇ ಮನೆ ಗುರುತಿಲ್ಲದವರದ್ದು. ಆ ಮನೆ ತಾನಾಗಿ ಬರುವುದಿಲ್ಲ, ಎರಡನೇ ಮನೆಯಲ್ಲಿ ಕೂತವರ ಪೈಕಿ ಯಾರಾದರೂ “ಮುಂದಿನ ವಾರ ನಮ್ಮನೇಲಿ ಇಟ್ಕೊಳಿ” ಎನ್ನಬೇಕು. ಅಂದರೆ ಡೆಮೊ ನಡೆಯುವಾಗಲೇ ಮುಂದಿನ ಡೆಮೊಗೆ ಡೇಟ್ ತೆಗೆಯಬೇಕು. ಹೊಸಬಳಿಗೆ ಡಬ್ಬಿಯ ಮುಚ್ಚಳ ಒತ್ತಿ ಗಾಳಿ ತೆಗೆದು ತೋರಿಸುವುದು ಒಂದೇ ದಿನದಲ್ಲಿ ಬರುತ್ತದೆ. ಡೇಟ್ ಕೇಳುವುದು ಬರುವುದಿಲ್ಲ. ನಾವು ಅವಳಿಗೆ ಮೊದಲನೆಯದನ್ನು ಕಲಿಸಿ, ಎರಡನೆಯದನ್ನು ಅವಳ ಪಾಡಿಗೆ ಬಿಟ್ಟು, ಇನ್ನೊಬ್ಬಳನ್ನು ಸೇರಿಸಲು ಓಡುತ್ತೇವೆ.

ಅದಾದ ಮೇಲೆ ನಾನು ಮಾಡಿದ್ದು ಇಷ್ಟು. ಡೈರಿಯಲ್ಲಿ ಎರಡು ಡೇಟ್ ಬರೆದುಕೊಳ್ಳದೆ ಯಾರ ಕೈಗೂ ಕಿಟ್ ಕೊಡಲಿಲ್ಲ. ಮೂರು ಡೆಮೊಗೂ ನಾನೇ ಜೊತೆಗೆ ಹೋದೆ. ಮೊದಲನೆಯದು ನಾನು ಮಾಡಿದೆ, ಅವಳು ನೋಡಿದಳು. ಎರಡನೆಯದು ಅರ್ಧರ್ಧ. ಮೂರನೆಯದು ಅವಳು ಮಾಡಿದಳು, ನಾನು ಮನೆಯೊಡತಿಯ ಜೊತೆ ಕಾಫಿ ಲೋಟ ತೊಳೆಯುತ್ತಾ ಅಡುಗೆಮನೆಯಲ್ಲಿ ಇದ್ದೆ. ಡೆಮೊಗೆ ಮನೆ ಕೊಟ್ಟವರಿಗೆ ಸಿಗುವ ಹೋಸ್ಟೆಸ್ ಗಿಫ್ಟನ್ನು ಕೊನೆಗೆ ಬಾಗಿಲ ಹತ್ತಿರ ಕೊಡುವ ಅಭ್ಯಾಸ ಬಿಡಿಸಿ, ಎಲ್ಲರೂ ಕೂತಿರುವಾಗಲೇ ನಡುವೆ ಕೊಡಿಸಿದೆ. ಆಗ “ನನಗೂ ಸಿಗುತ್ತಾ” ಅಂತ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಅದೇ ಡೇಟು.

ಇದರಿಂದ ವರ್ಷಕ್ಕೆ ಸೇರುವವರ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಯಿತು. ಮೇಲಿನವರು ಗೊಣಗಿದರು. ಆದರೆ ಆ ಹನ್ನೊಂದು ಜನರಲ್ಲಿ ಎಂಟು ಜನ ಇದಾದ ಮೇಲೆ ಬಂದವರು.

ಧೈರ್ಯ ಎಲ್ಲಿಂದ ತರಲಿ ಅಂತ ಕೇಳಿದಿರಿ. ನನಗಂತೂ ಧೈರ್ಯ ಬಂದದ್ದು ಈ ಲೆಕ್ಕ ಕಂಡ ಮೇಲೆ. ಅಲ್ಲಿಯವರೆಗೆ ಪ್ರತಿಯೊಬ್ಬಳು ಬಿಟ್ಟಾಗಲೂ ನನ್ನ ಮುಖಕ್ಕೇ ಬಾಗಿಲು ಹಾಕಿದ ಹಾಗೆ ಅನಿಸುತ್ತಿತ್ತು. ಯಾವ ಜಾಗದಲ್ಲಿ ಜಾರುತ್ತಾರೆ ಅಂತ ಗೊತ್ತಾದ ಮೇಲೆ ಆ ಜಾಗದಲ್ಲಿ ಹೋಗಿ ನಿಲ್ಲುವುದೇ ನನ್ನ ಕೆಲಸವಾಯಿತು. ಅಳುವುದಕ್ಕೆ ಸಮಯ ಉಳಿಯಲಿಲ್ಲ.

ತುಮಕೂರು ತಾಯಿ · ಬುಧವಾರ ಸಂಜೆ

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಕಡೆಯಿಂದ ಒಂದು ಸೇರಿಸುತ್ತೇನೆ. ಹೊಸಬಳ ಜೊತೆ ಮೂರು ಡೆಮೊಗೂ ಹೋಗುವುದು ಮುಂಚೆ ಬಹಳ ಖರ್ಚಿನ ಮಾತಾಗಿತ್ತು. ಗುಬ್ಬಿ, ಕುಣಿಗಲ್, ಶಿರಾ ಅಂತ ಓಡಾಡಿದರೆ ಬರುವ ಕಮಿಷನ್‌ನಲ್ಲಿ ಒಂದು ಪಾಲು ಟಿಕೆಟ್ಟಿಗೇ ಹೋಗುತ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ನಮಗೆಲ್ಲ ಸಾಮಾನ್ಯ ಬಸ್ಸಿನಲ್ಲಿ ಉಚಿತವಾದ ಮೇಲೆ ನಾನು ಹೊಸಬರ ಜೊತೆ ಹೋಗುವುದನ್ನು ಶುರು ಮಾಡಿದೆ. ಸ್ಯಾಂಪಲ್ ಬ್ಯಾಗ್ ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ಮಾತಾಡಿಕೊಂಡು ಹೋಗುತ್ತೇವೆ. ಅವಳ ಮನೆಯ ಕಷ್ಟ, ಯಾರು ಒಪ್ಪಿದ್ದಾರೆ, ಯಾರು ಒಪ್ಪಿಲ್ಲ, ಎಲ್ಲ ಆ ಒಂದು ಗಂಟೆಯಲ್ಲಿ ತಿಳಿಯುತ್ತದೆ. ಫೋನಿನಲ್ಲಿ ಇದು ಯಾವತ್ತೂ ತಿಳಿಯುವುದಿಲ್ಲ.

ವಿಜಯನಗರ ಓದುಗಿ · ಬುಧವಾರ ರಾತ್ರಿ

ಈ ಮನೆ-ಪಾರ್ಟಿ ಮಾರಾಟ ಹೇಗೆ ಬೆಳೆಯಿತು ಅಂತ ಓದಿದಾಗ ನನಗೆ ಬಹಳ ಸಮಾಧಾನ ಸಿಕ್ಕಿತ್ತು, ಅದಕ್ಕೆ ಬರೆಯುತ್ತಿದ್ದೇನೆ.

ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಬಟ್ಟಲು ಮಾರುವ ಟಪ್ಪರ್‌ವೇರ್ ಕಂಪನಿ ಭಾರತಕ್ಕೆ ಬಂದದ್ದು 1996ರಲ್ಲಿ. ಅದಕ್ಕಿಂತ ಐವತ್ತು ವರ್ಷ ಹಿಂದೆ, 1946ರ ಸುಮಾರಿಗೆ, ಅಮೆರಿಕದಲ್ಲಿ ಅರ್ಲ್ ಟಪ್ಪರ್ ಆ ಬಟ್ಟಲುಗಳನ್ನು ಅಂಗಡಿಗೆ ತಂದಾಗ ಅವು ಸರಿಯಾಗಿ ಮಾರಾಟವೇ ಆಗಲಿಲ್ಲ. ಮುಚ್ಚಳ ಹೇಗೆ ಹಾಕಬೇಕು ಎಂಬುದೇ ಕೊಳ್ಳುವವರಿಗೆ ತಿಳಿಯುತ್ತಿರಲಿಲ್ಲ. ಅದನ್ನು ಮನೆಯ ಹಜಾರದಲ್ಲಿ ತೋರಿಸಿ ಮಾರಿ ಗೆದ್ದವರಲ್ಲಿ ಎಲ್ಲರಿಗಿಂತ ಮುಂದಿದ್ದವಳು ಬ್ರೌನಿ ವೈಸ್. ಗಂಡನಿಂದ ಬೇರೆಯಾಗಿ ಒಬ್ಬ ಮಗನನ್ನು ಸಾಕುತ್ತಿದ್ದ ಹೆಂಗಸು. ಬಟ್ಟಲಲ್ಲಿ ದ್ರಾಕ್ಷಿ ರಸ ತುಂಬಿ, ಮುಚ್ಚಳ ಒತ್ತಿ, ಕೋಣೆಯ ಆಚೆ ಕೂತವರ ಕಡೆಗೆ ಎಸೆದು ತೋರಿಸುತ್ತಿದ್ದಳು. 1951ರಲ್ಲಿ ಟಪ್ಪರ್ ಅವಳನ್ನು ಉಪಾಧ್ಯಕ್ಷೆ ಮಾಡಿ, ಸರಕನ್ನು ಅಂಗಡಿಗಳಿಂದ ವಾಪಸ್ ತೆಗೆದು, ಬರೀ ಮನೆ-ಪಾರ್ಟಿಗಳಲ್ಲಿ ಮಾರುವುದೆಂದು ನಿರ್ಧರಿಸಿದ. 1954ರಲ್ಲಿ ಬಿಸಿನೆಸ್ ವೀಕ್ ಪತ್ರಿಕೆಯ ಮುಖಪುಟದಲ್ಲಿ ಅವಳ ಚಿತ್ರ ಬಂತು. ಆ ಪತ್ರಿಕೆಯ ಮುಖಪುಟಕ್ಕೆ ಬಂದ ಮೊದಲ ಹೆಂಗಸು ಅವಳೇ.

ಮುಂದಿನದು ಕೇಳಿ. 1958ರ ಜನವರಿಯಲ್ಲಿ ಅವಳನ್ನು ತೆಗೆದುಹಾಕಿದರು. ಅವಳ ಹೆಸರಿನಲ್ಲಿ ಕಂಪನಿಯ ಒಂದು ಷೇರೂ ಇರಲಿಲ್ಲ. ಕೈಗೆ ಬಂದದ್ದು ಸುಮಾರು ಒಂದು ವರ್ಷದ ಸಂಬಳ. ಅದೇ ವರ್ಷ ಟಪ್ಪರ್ ಕಂಪನಿಯನ್ನು ರೆಕ್ಸಾಲ್ ಎಂಬ ಇನ್ನೊಂದು ಕಂಪನಿಗೆ ಮಾರಿದ. ಇಡೀ ಮಾರಾಟದ ಪದ್ಧತಿಯನ್ನೇ ಕಟ್ಟಿ ನಿಲ್ಲಿಸಿದವಳಿಗೆ ಸಿಕ್ಕ ಪಾಲು ಅಷ್ಟೇ.

ಇದನ್ನು ಓದಿದ ದಿನ ನಾನು ನನ್ನ ಗಿರಾಕಿಗಳ ಹೆಸರು, ಮನೆ, ಮಕ್ಕಳ ವಯಸ್ಸು, ಯಾರಿಗೆ ಯಾವ ಬಣ್ಣ ಇಷ್ಟ, ಎಲ್ಲವನ್ನೂ ಕಂಪನಿಯ ಆ್ಯಪ್‌ನಿಂದ ನನ್ನದೇ ಪುಸ್ತಕಕ್ಕೆ ಬರೆದುಕೊಂಡೆ. ಅವರಲ್ಲಿ ಬಹಳ ಜನಕ್ಕೆ ನಾನು ಯಾವ ಹಂತದಲ್ಲಿದ್ದೇನೆ ಎಂಬುದೇ ಗೊತ್ತಿಲ್ಲ, ಬಾಟಲಿ ಸೋರಿದರೆ ಫೋನ್ ಮಾಡುತ್ತಾರೆ, ಅಷ್ಟೇ. 2024ರ ಸೆಪ್ಟೆಂಬರ್‌ನಲ್ಲಿ ಟಪ್ಪರ್‌ವೇರ್‌ನ ಅಮೆರಿಕದ ಮೂಲ ಕಂಪನಿಯೇ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿದ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಆ ಪುಸ್ತಕ. ದಾವಣಗೆರೆ ಸೊಸೆಯವರೇ, ನಿಮ್ಮನ್ನು ಎದ್ದು ನಿಲ್ಲಿಸಿದವರ ಲೆಕ್ಕದಲ್ಲಿ ನೀವು ಸೊನ್ನೆ ಇರಬಹುದು. ನಿಮ್ಮ ಪುಸ್ತಕದಲ್ಲಿ ಎಷ್ಟು ಮನೆ ಇವೆ?

ಹೆಸರು ಬೇಡ · ಗುರುವಾರ ಬೆಳಿಗ್ಗೆ

ನಾನು ಇಲ್ಲಿ ಮೊದಲ ಸಲ ಬರೆಯುತ್ತಿರುವುದು. ನಾನು ಬಿಟ್ಟವರ ಪೈಕಿ. ಬೇರೆ ಕಂಪನಿ, ಬೇರೆ ಊರು, ಆದರೆ ಕಿಟ್ ಬ್ಯಾಗನ್ನು ಕಟ್ಟೆಯ ಮೇಲೆ ಇಟ್ಟು ಬಂದವಳು ನಾನೂ ಹೌದು. ಅದಕ್ಕೇ ಬರೆಯಬೇಕೆನಿಸಿತು.

ನನ್ನನ್ನು ಸೇರಿಸಿದ ಅಕ್ಕ ಒಳ್ಳೆಯವರು. ಆದರೆ ಸೇರಿದ ಮರುದಿನದಿಂದ ಬೆಳಿಗ್ಗೆ ಒಂಬತ್ತಕ್ಕೆ ಅವರ ಫೋನ್ ಬಂದರೆ “ಎಷ್ಟಾಯ್ತು” ಎಂಬುದೇ ಮೊದಲ ಮಾತು. ಎರಡನೇ ಡೆಮೊಗೆ ನಾನು ಕರೆದ ಹತ್ತು ಜನರಲ್ಲಿ ಇಬ್ಬರು ಬಂದರು. ಮಾಡಿದ ಅವಲಕ್ಕಿ ಹಾಗೇ ಉಳಿಯಿತು. ಅದನ್ನು ಅಕ್ಕನಿಗೆ ಹೇಗೆ ಹೇಳುವುದು? ಸುಳ್ಳು ಹೇಳಿದೆ, ಮನೆಯಲ್ಲಿ ಹುಷಾರಿಲ್ಲ ಎಂದೆ. ಒಂದು ಸುಳ್ಳು ಹೇಳಿದ ಮೇಲೆ ಫೋನ್ ಎತ್ತುವುದು ಕಷ್ಟವಾಯಿತು. ಆಮೇಲೆ ಬ್ಯಾಗ್ ಇಟ್ಟು ಬಂದೆ. ಅದಾದ ಎಂಟು ತಿಂಗಳು ಅವರು ತರಕಾರಿ ಮಾರ್ಕೆಟ್ಟಿನಲ್ಲಿ ಕಂಡರೆ ನಾನು ರಸ್ತೆ ದಾಟಿ ಆಚೆ ಹೋಗುತ್ತಿದ್ದೆ.

ಅವರು ನನ್ನನ್ನು ಕೆಟ್ಟವಳು ಅಂದುಕೊಂಡಿದ್ದಾರೆ ಎಂದು ನಾನು ಅಂದುಕೊಂಡಿದ್ದೆ. ಅವರೂ ಹೀಗೆ ರಾತ್ರಿ ಕೂತು ಯೋಚಿಸಿರಬಹುದು ಎಂಬುದು ನಿಮ್ಮ ಬರಹ ಓದುವವರೆಗೂ ನನಗೆ ಹೊಳೆದಿರಲಿಲ್ಲ. ಅವರು ಒಂದು ಸಲ ಮನೆಗೆ ಬಂದು, ಡಬ್ಬಿಯ ಮಾತೆತ್ತದೆ, ಕಾಫಿ ಕುಡಿದು ಹೋಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಿಮ್ಮ ಹಿಂದಿನ ಬೀದಿಯ ಹುಡುಗಿ ಮನೆಗೆ ಹೋಗಿ ಅಕ್ಕ. ಸೇರಿಸುವುದಕ್ಕಲ್ಲ, ಸುಮ್ಮನೆ ಹೋಗಿ.

ಹುಬ್ಬಳ್ಳಿ ಅಕ್ಕಾ · ಗುರುವಾರ ಬೆಳಿಗ್ಗೆ

ಇದನ್ನ ಓದಿ ಕಣ್ಣಾಗ ನೀರು ಬಂತು ನೋಡವಾ. ನೀ ಬರದದ್ದು ಛಲೋ ಆತು.

ಲೆಕ್ಕದ ಮನೆ · ಗುರುವಾರ ಮಧ್ಯಾಹ್ನ

ನಾನು ಮಾರುವವನಲ್ಲ. ನನ್ನ ಹೆಂಡತಿ ಹಾಸನದಲ್ಲಿ ಒಂಬತ್ತು ವರ್ಷದಿಂದ ಮಾಡುತ್ತಿದ್ದಾಳೆ, ಲೆಕ್ಕ ಬರೆಯುವುದು ನನ್ನ ಕೆಲಸ. ಎರಡು ವಿಷಯ ಹೇಳಬೇಕು.

ಮೊದಲನೆಯದು ಕಾನೂನು. ನಿಮ್ಮ ಕಂಪನಿ ಯಾವುದೋ ನನಗೆ ತಿಳಿಯದು, ಯಾರಿಗಾದರೂ ಅನ್ವಯಿಸುವ ಮಾತು ಇದು. ಸರಕು ಮಾರಿದ್ದಕ್ಕೆ ದುಡ್ಡು ಬಂದರೆ ಅದು ವ್ಯಾಪಾರ. ಸರಕಿಗಿಂತ ಹೆಚ್ಚಾಗಿ ಜನರನ್ನು ಸೇರಿಸಿದ್ದಕ್ಕೇ ದುಡ್ಡು ಬಂದರೆ ಅದು ಪಿರಮಿಡ್. ಹೀಗೆ ಜನರನ್ನು ಸೇರಿಸಿ ಹಣ ತಿರುಗಿಸುವ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ, 2021ರ ಡಿಸೆಂಬರ್‌ನಲ್ಲಿ ಬಂದ ಗ್ರಾಹಕ ಸಂರಕ್ಷಣಾ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನು ಇನ್ನೊಮ್ಮೆ ಸ್ಪಷ್ಟವಾಗಿ ತಡೆದಿವೆ. ಸೇರಲು ಪ್ರವೇಶ ಶುಲ್ಕ ಇರಬಾರದು, ಮಾರಲಾಗದಷ್ಟು ಸರಕು ಕೊಳ್ಳಿಸಬಾರದು ಎಂಬುದು 2016ರ ಕೇಂದ್ರದ ಮಾರ್ಗಸೂಚಿಯಲ್ಲೇ ಇತ್ತು. ಮನೆಗೆ ಹೋಗುವ ಮುನ್ನ ಸಮಯ ಕೇಳಿಕೊಂಡಿರಬೇಕು, ಗುರುತಿನ ಚೀಟಿ ಇರಬೇಕು. ಸಂದೇಹ ಬಂದವರು 1915ಕ್ಕೆ ಕರೆ ಮಾಡಿ ಕೇಳಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. “ಸೇರ್ತೀರಾ” ಎನ್ನುವ ಮಾತು ಗಂಟಲಲ್ಲಿ ನಿಲ್ಲುತ್ತಿದ್ದರೆ, ಅದು ಸಂಕೋಚವೋ ಅಥವಾ ನೀವು ಕರೆಯುತ್ತಿರುವ ಯೋಜನೆಯ ಮೇಲೆ ನಿಮಗೇ ಇರುವ ಅನುಮಾನವೋ ಎಂದು ಒಮ್ಮೆ ನೋಡಿಕೊಳ್ಳಿ. ಎರಡನೆಯದಾದರೆ ಯಾವ ಧೈರ್ಯದ ಮಾತೂ ಉಪಯೋಗಕ್ಕೆ ಬರುವುದಿಲ್ಲ.

ಎರಡನೆಯದು ನಮ್ಮ ಮನೆಯ ಲೆಕ್ಕ. ಸೇರುವವರಿಗೆ ನನ್ನ ಹೆಂಡತಿ ಒಂದು ನಿಜವಾದ ಡೆಮೊದ ಲೆಕ್ಕವನ್ನು ಚೀಟಿಯಲ್ಲಿ ಬರೆದು ಕೊಡುತ್ತಾಳೆ. ಆರ್ಡರ್ 4,800. ಅವಳ ಪಾಲು 1,200. ಅದರಲ್ಲಿ ಮನೆಯೊಡತಿಗೆ ಸೇರಿಸಿ ಕೊಟ್ಟ ಸಣ್ಣ ಉಡುಗೊರೆ 150, ಡೆಲಿವರಿ ದಿನದ ಆಟೊ 180, ಫೋನು-ಕವರು 40. ಉಳಿದದ್ದು 830. ಕೆಳಗೆ ಇನ್ನೊಂದು ಸಾಲು: “ಇದರಲ್ಲಿ ಒಬ್ಬರು 600 ರೂಪಾಯಿ ಬಾಕಿ ಉಳಿಸಿಕೊಂಡರೆ ಈ ವಾರ ಕೈಗೆ 230.” ಇದನ್ನು ನೋಡಿ ಅರ್ಧ ಜನ ಬೇಡ ಎನ್ನುತ್ತಾರೆ. ಉಳಿದರ್ಧ ಜನ ಹಣ ಕೈಗೆ ಬರದೆ ಸಾಮಾನು ಕೊಡುವುದಿಲ್ಲ, ಏಕೆಂದರೆ ಚೀಟಿ ಅವರ ಬೀರುವಿನಲ್ಲಿ ಇರುತ್ತದೆ. ನಿಮ್ಮ ಹೊಲಿಗೆ ಟೀಚರ್‌ಗೆ ಈ ಚೀಟಿ ಸಿಕ್ಕಿದ್ದರೆ ಬಹುಶಃ ಇರುತ್ತಿದ್ದರು.

ಬಳೆ · ಗುರುವಾರ ರಾತ್ರಿ

ಸರಕು ಕೊಳ್ಳಿಸುವ ಮಾತು ಬಂತಲ್ಲ, ನಾನು ಒಂದೇ ವಿಷಯ ಹೇಳಿ ಹೋಗುತ್ತೇನೆ. ಟೀಮಿನಲ್ಲಿ ಮೂವರು ಬಿಟ್ಟ ತಿಂಗಳು ಕಂಪನಿಯಲ್ಲಿ ನನಗಿದ್ದ ಟೈಟಲ್, ಅಂದರೆ ದರ್ಜೆ, ಹೋಗಬಾರದು ಅಂತ ಎರಡು ಬಳೆ ಅಡವಿಟ್ಟು, ಅವರ ಪಾಲಿನ ಆರ್ಡರನ್ನೂ ನಾನೇ ಹಾಕಿದೆ. ಟೈಟಲ್ ಉಳಿಯಿತು. ಆ ಡಬ್ಬಿಗಳು ಅಟ್ಟದ ಮೇಲೆ ಎರಡು ವರ್ಷ ಇದ್ದವು. ಬಳೆ ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳಾಯಿತು. ತಿಂಗಳ ಕೊನೆಯ ಮೂರು ದಿನ ಯಾರ ಫೋನ್ ಬಂದರೂ ನಿಮ್ಮ ದುಡ್ಡಿನಿಂದ ಒಂದು ಡಬ್ಬಿಯನ್ನೂ ತೆಗೆಯಬೇಡಿ.

ಕುಡ್ಲದವಳು · ಶುಕ್ರವಾರ

ಬಳೆಯವರೇ, ಬರೆದದ್ದಕ್ಕೆ ಉಪಕಾರ ಆಯ್ತು. ನಮ್ಮಲ್ಲೂ ಹೀಗೆ ಮಾಡಿದವರು ಉಂಟು, ಹೇಳುವುದಿಲ್ಲ ಅಷ್ಟೇ.

ಶ್ರಾವಣ ಬರ್ತಾ ಉಂಟಲ್ಲ, ಒಂದು ವಿಷಯ ಕೇಳಬೇಕಿತ್ತು. ವರಮಹಾಲಕ್ಷ್ಮಿಗೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಿಗೆ ಅಲ್ಲೇ ಡೆಮೊ ಮಾಡುವುದು ಸರಿಯಾ? ನಾನು ಒಂದು ವರ್ಷ ಮಾಡಿ, ಇಬ್ಬರನ್ನು ಅಲ್ಲೇ ಸೇರಿಸಿದ್ದೆ. ಇಬ್ಬರೂ ತಿಂಗಳಲ್ಲಿ ಬಿಟ್ಟರು. ಮರುವರ್ಷ ಕರೆದಾಗ ನಾಲ್ಕೈದು ಮನೆಯವರು ಬರಲೇ ಇಲ್ಲ.

ತುಮಕೂರು ತಾಯಿ · ಶುಕ್ರವಾರ

ಕರೆಯುವಾಗಲೇ “ಕುಂಕುಮ ತಗೊಂಡು ಆದಮೇಲೆ ಡಬ್ಬಿ ತೋರಿಸ್ತೀನಿ, ಇರೋರು ಇರಬಹುದು” ಅಂತ ಹೇಳಿದರೆ ತಪ್ಪೇನಿಲ್ಲ ಅನ್ನಿಸುತ್ತೆ ನನಗೆ. ನಾನು ಹಾಗೇ ಮಾಡ್ತೀನಿ.

ಹಳೇ ಮ್ಯಾನೇಜರ್, ಮೈಸೂರು · ಶುಕ್ರವಾರ

ನಾನು ಒಪ್ಪುವುದಿಲ್ಲಮ್ಮ. ತಾಂಬೂಲ ತೆಗೆದುಕೊಳ್ಳಲು ಬಂದವಳು ಇಲ್ಲ ಎನ್ನಲಾರಳು, ಹಬ್ಬದ ಮನೆಯಲ್ಲಿ ಇಲ್ಲ ಅನ್ನಬಾರದು ಅಂತಲೇ ನಮ್ಮನ್ನು ಬೆಳೆಸಿದ್ದಾರೆ. ಇಲ್ಲ ಎನ್ನಲು ಆಗದ ಜಾಗದಲ್ಲಿ ಸಿಕ್ಕ ಹೌದು ನನಗೆ ಬೇಡ. ಹಬ್ಬದ ದಿನ ಅವಳಿಗೆ ಕೋಸಂಬರಿ ಕೊಟ್ಟು ಕಳಿಸಿ, ಮುಂದಿನ ಮಂಗಳವಾರ ಫೋನ್ ಮಾಡಿ. ಕುಡ್ಲದವಳು ಸೇರಿಸಿದ ಇಬ್ಬರು ಯಾಕೆ ಉಳಿಯಲಿಲ್ಲ ಅನ್ನುವುದಕ್ಕೂ ಇದೇ ಕಾರಣ ಅನಿಸುತ್ತದೆ.

ತುಮಕೂರು ತಾಯಿ · ಶುಕ್ರವಾರ

ಯೋಚನೆ ಮಾಡ್ತೀನಿ ಮೇಡಂ. ಆದರೆ ನಮ್ಮ ಕಡೆ ಹಳ್ಳಿಗಳಲ್ಲಿ ಹತ್ತು ಜನ ಒಟ್ಟಿಗೆ ಕೂರುವುದೇ ಆವತ್ತು ಒಂದು ದಿನ.

ದಾವಣಗೆರೆ ಸೊಸೆ · ಹನ್ನೆರಡು ದಿನದ ನಂತರ

ಎಲ್ಲರಿಗೂ ಮತ್ತೆ ನಮಸ್ಕಾರ. ತಡವಾಗಿ ಬರೆಯುತ್ತಿದ್ದೇನೆ, ಆದರೆ ಒಂದೊಂದು ಉತ್ತರವನ್ನೂ ಎರಡೆರಡು ಸಲ ಓದಿದ್ದೇನೆ. “ಹೆಸರು ಬೇಡ” ಎಂದು ಬರೆದವರದ್ದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಹೋದ ಸೋಮವಾರ ಹಿಂದಿನ ಬೀದಿಯ ಆ ಹುಡುಗಿಯ ಮನೆಗೆ ಹೋದೆ. ಕೈಯಲ್ಲಿ ಸ್ವಲ್ಪ ಮಂಡಕ್ಕಿ ಒಗ್ಗರಣೆ ಬಿಟ್ಟರೆ ಏನೂ ಇರಲಿಲ್ಲ. ಬಾಗಿಲು ತೆಗೆದವಳ ಮುಖ ಬಿಳಿಚಿಕೊಂಡಿತು. ನಾನು “ನಿಮ್ಮತ್ತೆ ಹೇಗಿದ್ದಾರೆ ನೋಡಿ ಹೋಗೋಣ ಅಂತ ಬಂದೆ” ಎಂದೆ. ಅತ್ತೆಗೆ ನಿಜವಾಗಿಯೂ ಹುಷಾರಿರಲಿಲ್ಲ, ಆಗಿನಿಂದಲೂ ಸೊಂಟ ಹಿಡಿದು ಮಲಗಿದ್ದಾರೆ. ನಾನು ಅದನ್ನು ನೆಪ ಅಂದುಕೊಂಡಿದ್ದೆ. ಮೂರು ತಿಂಗಳಿಂದ ಹಾಗೇ ಅಂದುಕೊಂಡು ಮನಸ್ಸಿನಲ್ಲಿ ಅವಳ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ.

ಹೊರಡುವಾಗ ಅವಳೇ ತಡೆದಳು. ತವರಿನ ಬೀದಿಯಲ್ಲಿ ಮೂವರಿಗೆ ಇನ್ನೂ ಮುಚ್ಚಳ ಬದಲಿ ಕೊಡುವುದು ಬಾಕಿ ಇದೆಯಂತೆ. ಅದು ಮನಸ್ಸಿನಲ್ಲಿ ಕೊರೆಯುತ್ತಿತ್ತಂತೆ, ನನಗೆ ಹೇಳಲು ಮುಖವಿರಲಿಲ್ಲವಂತೆ. ಗುರುವಾರ ಇಬ್ಬರೂ ಹರಿಹರಕ್ಕೆ ಹೋಗಿ ಕೊಟ್ಟು ಬಂದೆವು. ಒಂದು ಮನೆಯಲ್ಲಿ ಎರಡು ಬಾಟಲಿ ಆರ್ಡರ್ ಸಿಕ್ಕಿತು, ಅವಳ ಹೆಸರಿನಲ್ಲೇ ಬರೆದೆ. ಈಗ ಡೆಮೊ ಮಾಡಲಾರೆ, ಅತ್ತೆ ಎದ್ದು ಓಡಾಡಲಿ ಎಂದಿದ್ದಾಳೆ. ಯಾವ ದಿನ ಎಂದು ನಾನು ಕೇಳಲಿಲ್ಲ.

ಮೀಟಿಂಗ್ ನಡೆಸುವವರಿಗೆ ಫೋನ್ ಮಾಡಿ ಎದ್ದು ನಿಲ್ಲುವುದು ನನ್ನಿಂದಾಗದು ಎಂದೆ. ಒಂದು ನಿಮಿಷ ಸುಮ್ಮನಿದ್ದು “ಸರಿ ನೋಡೋಣ” ಎಂದರು. ನೋಡಬೇಕು.

ವಿಜಯನಗರದವರು ಕೇಳಿದ್ದಕ್ಕೆ: ಪುಸ್ತಕ ತೆಗೆದು ಎಣಿಸಿದೆ. ನೂರಾ ಹದಿನೆಂಟು ಮನೆ. ಅವುಗಳಲ್ಲಿ ಎರಡು ವರ್ಷದಲ್ಲಿ ಮೂರು ಸಲಕ್ಕಿಂತ ಹೆಚ್ಚು ತೆಗೆದುಕೊಂಡವರ ಹೆಸರಿನ ಮುಂದೆ ಪೆನ್ಸಿಲ್‌ನಿಂದ ಗುರುತು ಹಾಕುತ್ತಾ ಹೋದೆ, ಮೂವತ್ತೊಂದು ಬಂತು. ಅವರಲ್ಲಿ ಒಬ್ಬರಿಗೂ ನಾನು “ಸೇರ್ತೀರಾ” ಅಂತ ಕೇಳಿಲ್ಲ. ಇಷ್ಟು ದಿನ ಗುರುತಿಲ್ಲದವರನ್ನೇ ಹುಡುಕಿಕೊಂಡು ಹೋಗುತ್ತಿದ್ದೆ.

ಹಳೇ ಮ್ಯಾನೇಜರ್ ಮೇಡಂ, ಒಂದು ಪ್ರಶ್ನೆ. ಈ ಮೂವತ್ತೊಂದರಲ್ಲಿ ವಿನೋಬನಗರದ ಒಬ್ಬರು ಪ್ರತಿ ಡೆಮೊದಲ್ಲೂ ನನಗಿಂತ ಚೆನ್ನಾಗಿ ಪಕ್ಕದವರಿಗೆ ವಿವರಿಸುತ್ತಾರೆ. ಆದರೆ ಅವರಿಗೆ ಓದು ಬರಹ ಅಷ್ಟಾಗಿ ಬರುವುದಿಲ್ಲ, ಆರ್ಡರ್ ಫಾರಂ ತುಂಬುವುದು ಕಷ್ಟ. ಅವರನ್ನು ಕೇಳಬಹುದಾ?

ಹಳೇ ಮ್ಯಾನೇಜರ್, ಮೈಸೂರು · ಅದೇ ದಿನ ರಾತ್ರಿ

ಖಂಡಿತ ಕೇಳಿ. ನನ್ನ ಹನ್ನೊಂದರಲ್ಲಿ ಒಬ್ಬರು ಹೆಬ್ಬೆಟ್ಟು ಒತ್ತುತ್ತಿದ್ದರು. ಅವರ ಆರ್ಡರ್ ಬರೆಯುತ್ತಿದ್ದದ್ದು ಏಳನೇ ಕ್ಲಾಸಿನ ಮಗಳು. ಕೇಳುವಾಗ ಲೆಕ್ಕದ ಮನೆಯವರು ಹೇಳಿದ ಚೀಟಿಯನ್ನು ಜೊತೆಗೆ ಒಯ್ಯಿರಿ, ಬಾಯಲ್ಲಿ ಓದಿ ಹೇಳಿ. ಮೊದಲ ಡೇಟ್ ಅವರ ಮನೆಯಲ್ಲಿ ಬೇಡ, ನಿಮ್ಮ ಮನೆಯಲ್ಲಿ ಇಡಿ.

ದಾವಣಗೆರೆ ಸೊಸೆ · ಅದೇ ದಿನ ರಾತ್ರಿ

ಆಯಿತು ಮೇಡಂ. ನಾಳೆ ಮಕ್ಕಳನ್ನು ಸ್ಕೂಲಿಗೆ ಕಳಿಸಿ ಹತ್ತೂವರೆಗೆ ಹೋಗುತ್ತೇನೆ. ಚೀಟಿ ಬರೆದಿಟ್ಟಿದ್ದೇನೆ.